ಪಾತಾಳಗಳ ವಿಳಾಸ ಬರೆದಿಟ್ಟವರು

ತೀರಿಕೊಂಡವರ ಬಗ್ಗೆ ಬರೆಯುವಾಗ ಗುಣಗಳನ್ನು ಮಾತ್ರ ಬರೆಯಬೇಕು ಎಂಬ ಅಲಿಖಿತ ನಿಯಮವೊಂದಿದೆ. ಅದಕ್ಕೆ ನನ್ನ ಆಕ್ಷೇಪಣೆಯನ್ನು ಮೊದಲೇ ದಾಖಲಿಸಿಬಿಡುತ್ತೇನೆ. ನಮ್ಮ ಮನೆಯ ಕೆಳಮಹಡಿಯಲ್ಲಿದ್ದ ಆ ಹೆಂಗಸು ಮಹಾ ಹಟಮಾರಿ. ಅವರ ಕಾಫಿಯಲ್ಲಿ ಲೋಟದ ತಳ ಕಾಣಿಸುತ್ತಿತ್ತು. ವಾದದಲ್ಲಿ ಸೋತದ್ದನ್ನು ಒಮ್ಮೆಯೂ ಒಪ್ಪಿಕೊಂಡವರಲ್ಲ. ಈ ಮೂರನ್ನೂ ನಾನು ಅವರ ಎದುರಿಗೇ ಹೇಳಿದ್ದೇನೆ. ಮೂರನೆಯದಕ್ಕೆ ಮಾತ್ರ ಅವರು ತಿದ್ದುಪಡಿ ಸೂಚಿಸಿದ್ದರು: "ನಾನು ವಾದವನ್ನೇ ಮಾಡಿಲ್ಲ. ಇನ್ನು ಸೋಲುವುದು ಹೇಗೆ?"

ಈ ವಸಂತದಲ್ಲಿ ಅವರು ಹೋದರು. ಎಂಬತ್ತಮೂರು ಆಗಿತ್ತು. ಮಣ್ಣು ಮುಗಿದ ಮೇಲೆ ಇಲ್ಲಿಯ ಪದ್ಧತಿಯಂತೆ ಬಂದವರೆಲ್ಲ ಒಂದು ಹೋಟೆಲಿನಲ್ಲಿ ಕೂತು ಕಾಫಿ ಕುಡಿದು ಕೇಕ್ ತಿಂದೆವು. ಮೊದಲ ಹತ್ತು ನಿಮಿಷ ಎಲ್ಲರೂ ತಟ್ಟೆ ನೋಡಿಕೊಂಡು ಕೂತಿದ್ದರು. ಆಮೇಲೆ ಯಾರೋ ಅವರ ಬಗ್ಗೆ ಒಂದು ಕತೆ ಹೇಳಿದರು, ಇನ್ನೊಬ್ಬರು ಅದಕ್ಕೆ ಇನ್ನೊಂದು ಸೇರಿಸಿದರು, ಅರ್ಧ ಗಂಟೆಯಲ್ಲಿ ಪಕ್ಕದ ಮೇಜಿನವರು ನಮ್ಮ ಕಡೆ ತಿರುಗಿ ನೋಡುವಷ್ಟು ನಗು. ಅವರ ತಂಗಿಯ ಮಗಳು ನನ್ನ ಹತ್ತಿರ ಬಂದು, "ದೊಡ್ಡಮ್ಮನ ಜೊತೆ ಜಗಳ ಆಡುತ್ತಿದ್ದವರು ನೀವೇನಾ?" ಎಂದು ಕೇಳಿದರು.

"ಜಗಳ ಅಲ್ಲ, ಚರ್ಚೆ," ಅಂದೆ.

"ಅವರು ಜಗಳ ಅಂತಲೇ ಹೇಳುತ್ತಿದ್ದರು. ಫೋನಿನಲ್ಲಿ ವಾರವಾರವೂ ವರದಿ ಬರುತ್ತಿತ್ತು. ಬಹಳ ಖುಷಿಯಾಗಿ ಹೇಳುತ್ತಿದ್ದರು."

ಆ ವರದಿಗೆ ನನ್ನ ಪಕ್ಷದ ಉತ್ತರ ಇದು ಅಂದುಕೊಳ್ಳಿ.

ನಾನು ಮೈಸೂರಿನವನು. ಕಾಲೇಜಿನಲ್ಲಿ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗೆ ಊರೂರು ಅಲೆದದ್ದೇ ಹೆಚ್ಚು. ಪರವೋ ವಿರೋಧವೋ, ಚೀಟಿ ಎತ್ತಿದ ಮೇಲೆ ಯಾವ ಕಡೆ ಬಂದರೂ ಸರಿ. ಆದರೆ ದೇವರು, ದೆವ್ವ, ಜಾತಕ, ಮುಹೂರ್ತ ಎಂದು ಯಾರಾದರೂ ಬಾಯಿ ತೆರೆದರೆ ಚೀಟಿಯೇ ಬೇಡ, ನಾನು ವಿರೋಧ ಪಕ್ಷ. ಜರ್ಮನಿಯ ಎರ್ಲಾಂಗೆನ್‌ಗೆ ಎಂಜಿನಿಯರ್ ಕೆಲಸಕ್ಕೆ ಬಂದಾಗ ಒಂದು ಸಮಾಧಾನವಿತ್ತು: ಇನ್ನು ಈ ವಿಷಯಗಳ ಮೇಲೆ ಉಸಿರು ಖರ್ಚು ಮಾಡಬೇಕಿಲ್ಲ. ಊರಿಗೆ ಊರೇ ಸೈಕಲ್ ತುಳಿದುಕೊಂಡು ಲ್ಯಾಬಿಗೂ ವಿಶ್ವವಿದ್ಯಾಲಯಕ್ಕೂ ಹೋಗುವ ಜನ. ಇವರಿಗೆಲ್ಲಿಯ ದೆವ್ವ?

ಮೊದಲ ಡಿಸೆಂಬರಿನಲ್ಲೇ ಗೊತ್ತಾಯಿತು.

ನನ್ನ ಜೊತೆ ಮನೆ ಹಂಚಿಕೊಂಡಿದ್ದವನು ಹುಬ್ಬಳ್ಳಿಯ ಬಸು. ಕ್ರಿಸ್‌ಮಸ್ ರಜೆಯಲ್ಲಿ ಒಂದು ವಾರದ ಬಟ್ಟೆ ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕಿದ್ದೆವು. ಮಧ್ಯಾಹ್ನ ಬಾಗಿಲ ಗಂಟೆ ಎರಡು ಸಲ ಹೊಡೆಯಿತು. ತೆರೆದರೆ ಕೆಳಮಹಡಿಯವರು. ಗಿಡ್ಡ ಆಳು, ಬೂದುಬಣ್ಣದ ಸ್ವೆಟರ್, ಕಿವಿಯ ಮೇಲೆ ಬಡಗಿಯ ಹಾಗೆ ಸಿಕ್ಕಿಸಿಕೊಂಡ ಪೆನ್ಸಿಲ್.

"ಯುಂಗರ್ ಮಾನ್," ಅಂದರು. ತರುಣರೇ ಎಂದು ಅರ್ಥ. ಅಂದಿನಿಂದ ಕೊನೆಯವರೆಗೂ ನನಗೆ ಅದೇ ಹೆಸರು. ಹೇಳುವ ದನಿಯ ಮೇಲೆ ಅದು ಮರ್ಯಾದೆಯೂ ಆಗುತ್ತಿತ್ತು, ಗದರಿಕೆಯೂ ಆಗುತ್ತಿತ್ತು. "ಬಟ್ಟೆ ಒಣಹಾಕಿದ್ದೀರಿ."

ನಾನು ಸಿದ್ಧನಾಗಿದ್ದೆ. "ಹೌದು. ಬಾಲ್ಕನಿಯಲ್ಲಿ ಒಣಹಾಕಬಾರದು ಎಂದು ಹೌಸ್‌ಓರ್ಡ್‌ನುಂಗ್‌ನಲ್ಲಿ ಎಲ್ಲೂ ಇಲ್ಲ. ಈ ಮನೆಯ ನಿಯಮಗಳನ್ನು ಪೂರ್ತಿ ಓದಿದ್ದೇನೆ."

"ಅದರಲ್ಲಿಲ್ಲ, ನಿಜ. ಆದರೆ ಕ್ರಿಸ್‌ಮಸ್‌ನಿಂದ ಜನವರಿ ಆರರವರೆಗೆ ಸತ್ತವರ ದಂಡು ಆಕಾಶದಲ್ಲಿ ಸವಾರಿ ಹೊರಡುತ್ತದೆ. ಹಗ್ಗ ಅಡ್ಡ ಬಂದರೆ ಯಾರಾದರೂ ನಿಮ್ಮ ಬಟ್ಟೆಯಲ್ಲಿ ತೊಡರಿಕೊಳ್ಳುತ್ತಾರೆ. ಆಮೇಲೆ ಆ ಮನೆಯಲ್ಲಿ ಅದೇ ಬಟ್ಟೆ ಹೆಣಕ್ಕೆ ಹೊದಿಸಲು ಬೇಕಾಗುತ್ತದೆ ಎಂದು ಹೇಳುತ್ತಾರೆ."

ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ಏಳು ಸಮುದ್ರ ದಾಟಿ ಬಂದರೂ ಎದುರಾಳಿ ಸಿಕ್ಕಿದ್ದರು. ಬಾಗಿಲಲ್ಲೇ ನಿಂತು ಮೂರು ಅಂಶ ಮಂಡಿಸಿದೆ. ಒಂದು, ಈ ದಂಡನ್ನು ಕಂಡ ಸಾಕ್ಷಿ ಯಾರು? ಎರಡು, ಸತ್ತವರಿಗೆ ದೇಹವಿಲ್ಲದಿದ್ದರೆ ಬಟ್ಟೆಗೆ ತೊಡರುವುದು ಯಾವುದು? ಮೂರು, ದೇಹವಿದ್ದರೆ ಹಾರುವುದು ಹೇಗೆ? ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಮಧ್ಯೆ ಬಾಯಿ ಹಾಕದೆ, ಕೊನೆಯ ಶಬ್ದದವರೆಗೂ ಕೇಳಿಸಿಕೊಂಡರು. ನಾನು ಗೆದ್ದೆ ಎನ್ನುವಷ್ಟರಲ್ಲಿ ಒಂದು ಮಾತು ಕೇಳಿದರು.

"ಹಗ್ಗದ ಮೇಲೆ ಚಡ್ಡಿಗಳೂ ಇವೆಯೇ?"

"ಇವೆ."

"ದಂಡಿನಲ್ಲಿ ಮರ್ಯಾದಸ್ಥ ಹೆಂಗಸರೂ ಇರುತ್ತಾರೆ, ಯುಂಗರ್ ಮಾನ್. ಕಡೇಪಕ್ಷ ಅವನ್ನಾದರೂ ಒಳಗೆ ಹಾಕಿ."

ಹೇಳಿ ಮೆಟ್ಟಿಲಿಳಿದು ಹೋದರು. ನಾನು ತಿರುಗಿ ನೋಡುವಾಗ ಬಸು ಆಗಲೇ ಬಾಲ್ಕನಿಯಲ್ಲಿದ್ದ, ಬಟ್ಟೆ ಎಳೆದೆಳೆದು ಬುಟ್ಟಿಗೆ ತುಂಬುತ್ತಿದ್ದ.

"ಏನೋ ಮಾಡ್ತಿದ್ದೀಯ?" ಅಂದೆ.

"ನೀ ಸುಮ್ನಿರಲೇ. ಖರೇ ಐತೋ ಸುಳ್ಳೈತೋ ಯಾಂವ ಬಲ್ಲ? ಬಟ್ಟಿ ಒಳಗ ಹಾಕಿದ್ರ ನಂದೇನ್ ಗಂಟ ಹೋಗ್ತದ? ನೀ ಬೇಕಾದ್ರ ನಿನ್ನ ಚಡ್ಡಿ ಬಿಟ್ಟು ವಾದಾ ಮಾಡು."

ನನ್ನ ಬಟ್ಟೆಯನ್ನು ಸಿದ್ಧಾಂತಕ್ಕಾಗಿ ಹೊರಗೇ ಬಿಟ್ಟೆ. ಯಾರೂ ತೊಡರಿಕೊಳ್ಳಲಿಲ್ಲ. ಜನವರಿ ಏಳಕ್ಕೆ ಕೆಳಗೆ ಹೋಗಿ ಈ ಫಲಿತಾಂಶವನ್ನು ಅಧಿಕೃತವಾಗಿ ತಿಳಿಸಿದೆ. ಅವರು ಕಿವಿಯ ಪೆನ್ಸಿಲ್ ತೆಗೆದು, ಒಂದು ಚೀಟಿಯ ಮೇಲೆ "ಈ ವರ್ಷ ನಮ್ಮ ಬೀದಿಗೆ ಬರಲಿಲ್ಲ" ಎಂದು ಬರೆದುಕೊಂಡರು. ಆಮೇಲೆ ಆ ತಿಳಿಯಾದ ಕಾಫಿ ಕೊಟ್ಟರು. ಅವತ್ತೇ ನಾನು ಡಬ್ಬಿಯನ್ನು ನೋಡಿದ್ದು.

ಅದು ಮರದ ಉದ್ದನೆಯ ಡಬ್ಬಿ. ಹಳೆಯ ಗ್ರಂಥಾಲಯಗಳಲ್ಲಿ ಕಾರ್ಡುಗಳನ್ನು ನಿಲ್ಲಿಸಿಡುತ್ತಿದ್ದಂಥದು. ಒಳಗೆ ನಾನೂರ ಚಿಲ್ಲರೆ ಕಾರ್ಡು. ಒಂದೊಂದು ಕಾರ್ಡೂ ಒಂದೊಂದು ಪಾತಾಳ.

ಇದನ್ನು ವಿವರಿಸಬೇಕು. ಜರ್ಮನಿಯಲ್ಲಿ ಯಾರೇ ಮನೆ ಬದಲಾಯಿಸಿದರೂ ಊರಿನ ನೋಂದಣಿ ಕಚೇರಿಗೆ ಹೋಗಿ ಹೊಸ ವಿಳಾಸ ಬರೆಸಬೇಕು. ಬರೆಸದಿದ್ದರೆ ನೀವು ಇದ್ದೂ ಇಲ್ಲದ ಹಾಗೆ: ಬ್ಯಾಂಕಿಲ್ಲ, ಫೋನಿಲ್ಲ, ವೀಸಾ ಇಲ್ಲ. ಇವರು ನಿವೃತ್ತರಾಗುವವರೆಗೂ ಬೇರೊಂದು ಸಣ್ಣ ಊರಿನ ಅಂಥ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಬಂದವರನ್ನು ಬರೆದುಕೊಳ್ಳುವುದು, ಹೋದವರನ್ನು ತೆಗೆಯುವುದು. ಬೇರೆ ಊರಿಗೆ ಹೋದರೆ "ಎಲ್ಲಿಗೆ" ಎಂಬ ಜಾಗದಲ್ಲಿ ಆ ಊರಿನ ಹೆಸರು ಬರೆಯುತ್ತಿದ್ದರು. ಸತ್ತರೆ ಆ ಜಾಗ ಖಾಲಿ.

"ಕೆಲಸಕ್ಕೆ ಸೇರಿದ ಮೊದಲ ವಾರವೇ ಸಾಹೇಬರನ್ನು ಕೇಳಿದೆ, ಇಲ್ಲಿ ಏನು ಬರೆಯಲಿ ಎಂದು. ಅಡ್ಡಗೆರೆ ಹಾಕು ಅಂದರು. ಅಷ್ಟು ವರ್ಷ ಅಡ್ಡಗೆರೆ ಹಾಕಿದೆ. ಒಂದು ದಿನವೂ ಮನಸ್ಸಿಗೆ ಒಪ್ಪಲಿಲ್ಲ."

ಹಾಗಾಗಿ ನಿವೃತ್ತಿಯ ಮರುವಾರದಿಂದಲೇ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತಿದರು. ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದು ನಿಮ್ಮ ಅಜ್ಜಿ ಹೇಳುತ್ತಿದ್ದರು? ಈ ಒಂದೇ ಪ್ರಶ್ನೆ. ಜನ ಹೇಳಿದ್ದನ್ನು ಕಚೇರಿಯ ಪದ್ಧತಿಯಲ್ಲೇ ಕಾರ್ಡಿಗೆ ಇಳಿಸಿದರು. ವಿಳಾಸ. ಒಳಗೆ ಹೋಗುವ ದಾರಿ. ತೆರೆದಿರುವ ದಿನಗಳು. ಮೇಲ್ವಿಚಾರಣೆ ಯಾರದು. ನಿವಾಸಿಗಳು. ಹೇಳಿದವರು.

ಓದಲು ಕೂತರೆ ಎದ್ದುಬರುವ ಹಾಗಿರಲಿಲ್ಲ. ಒಂದು ಬೆಟ್ಟದೊಳಗೆ ಕೆಂಪುಗಡ್ಡದ ಚಕ್ರವರ್ತಿ ಸೈನ್ಯಸಮೇತ ಮಲಗಿದ್ದಾನೆ, ಗಡ್ಡ ಬೆಳೆಬೆಳೆದು ಕಲ್ಲಿನ ಮೇಜನ್ನು ಸುತ್ತುತ್ತಿದೆ. ಇನ್ನೊಂದು ಬೆಟ್ಟಕ್ಕೆ ಕುರುಬನೊಬ್ಬ ಒಳಹೊಕ್ಕು ಒಂದು ಗಂಟೆ ಕೂತು ಬಂದರೆ ಹೊರಗೆ ನೂರು ವರ್ಷ ಕಳೆದಿತ್ತು. ಒಂದು ಚರ್ಚಿನಲ್ಲಿ ಸತ್ತವರೇ ಸೇರಿ ಪೂಜೆ ನಡೆಸುತ್ತಾರೆ, ಜೀವಂತ ಇರುವವರು ತಪ್ಪಿ ಒಳಹೊಕ್ಕರೆ ಅವರ ಕೈಗೆ ಸಿಕ್ಕ ಕೋಟನ್ನು ಬಿಟ್ಟು ಓಡಬೇಕು. ಒಂದು ನದಿಯ ತಳದಲ್ಲಿ ನೀರಗಂಡಸು ಎಂಬವನ ಮನೆಯಿದೆ. ಮುಳುಗಿದವರ ಆತ್ಮಗಳನ್ನು ಅವನು ಅಡುಗೆಮನೆಯಲ್ಲಿ ಮಡಕೆ ಬೋರಲು ಹಾಕಿ ಅದರ ಕೆಳಗೆ ಇಟ್ಟುಕೊಳ್ಳುತ್ತಾನೆ. ಊಟಕ್ಕೆ ಕರೆಸಿಕೊಂಡ ರೈತನೊಬ್ಬ ಅವನು ಆಚೆ ಹೋದಾಗ ಮಡಕೆಗಳನ್ನೆಲ್ಲ ಎತ್ತಿಬಿಟ್ಟನಂತೆ. ಇನ್ನು ಹೊಲ್ಲೆ. ಊರೂರಿನ ಕೊಳಗಳ ತಳದಲ್ಲಿ ವಾಸಿಸುವ ಅಜ್ಜಿ. ಹುಟ್ಟುವ ಮಕ್ಕಳನ್ನು ಅಲ್ಲಿಂದಲೇ ಕಳಿಸಿಕೊಡುತ್ತಾಳೆ, ತುಂಬ ಚಿಕ್ಕದರಲ್ಲೇ ಹೋದ ಮಕ್ಕಳನ್ನು ಅಲ್ಲಿಯೇ ವಾಪಸ್ಸು ಕರೆದುಕೊಳ್ಳುತ್ತಾಳೆ.

"ಇದನ್ನೆಲ್ಲ ನೀವು ನಂಬುತ್ತೀರಾ?" ಕೇಳಿದೆ.

"ನಂಬುವುದು ನಮ್ಮ ಸೆಕ್ಷನ್ ಅಲ್ಲ."

ಈ ಉತ್ತರವನ್ನು ನಾನು ಎಲ್ಲ ದಿಕ್ಕಿನಿಂದಲೂ ಮುತ್ತಿಗೆ ಹಾಕಿ ನೋಡಿದೆ. ನಂಬದಿದ್ದರೆ ಬರೆದಿಟ್ಟುಕೊಳ್ಳುವುದೇಕೆ? "ಕಚೇರಿಗೆ ಬಂದವರು ನಾನು ಇಂಥ ಬೀದಿಯಲ್ಲಿದ್ದೇನೆ ಎಂದರೆ ನಾನು ಹೋಗಿ ಮಂಚ ನೋಡಿ ಬರುತ್ತಿದ್ದೆನೆ? ಹೇಳಿದರು, ಬರೆದುಕೊಂಡೆ." ಹಾಗಾದರೆ ಇದು ಸುಳ್ಳಿನ ಸಂಗ್ರಹವೇ? "ಸುಳ್ಳು ಎನ್ನಲು ಸುಳ್ಳು ಹೇಳಿದವರು ಬೇಕು. ಹೆಸರು ಕೊಡಿ." ಇಂಥವರ ಜೊತೆ ಏನು ಮಾಡುವುದು? ಚರ್ಚೆಯ ಎಲ್ಲ ಪಟ್ಟುಗಳೂ ಎದುರಿನವರಿಗೆ ಒಂದು ನಿಲುವಿದೆ ಎಂದು ಊಹಿಸಿಕೊಂಡಿರುತ್ತವೆ. ಇವರಿಗಿದ್ದದ್ದು ನಿಲುವಲ್ಲ, ಫಾರಂ.

ನಮ್ಮ ಕಡೆಯೂ ಯಮನ ಆಸ್ಥಾನದಲ್ಲಿ ಚಿತ್ರಗುಪ್ತ ಎಂಬ ಗುಮಾಸ್ತನಿದ್ದಾನೆ, ಎಲ್ಲರ ಪಾಪಪುಣ್ಯವನ್ನೂ ಬರೆದಿಡುತ್ತಾನೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟೆ. ಅವರ ಮುಖ ಊರಗಲವಾಯಿತು. "ಒಬ್ಬನೇ? ಇಡೀ ಇಂಡಿಯಾಕ್ಕೆ? ಸಹಾಯಕರು?" ಗೊತ್ತಿಲ್ಲ ಅಂದೆ. "ಮಧ್ಯಾಹ್ನ ಊಟಕ್ಕೆ ಬಿಡುತ್ತಾರೆಯೇ?" ಅದೂ ಗೊತ್ತಿರಲಿಲ್ಲ. "ಪಾಪ," ಅಂದರು. ಸಹೋದ್ಯೋಗಿಯ ಬಗ್ಗೆ ಅಂಥ ಕನಿಕರವನ್ನು ನಾನು ಯಾವ ಕಚೇರಿಯಲ್ಲೂ ನೋಡಿಲ್ಲ. ಬಸುವಿಗೆ ಇದನ್ನು ಹೇಳಿದಾಗ ಅವನು ಅವರಿಗೆ ಒಂದು ಬಿರುದೇ ಕೊಟ್ಟ: ಪಾತಾಳದ ತಹಶೀಲ್ದಾರ್ರು. ಅದನ್ನು ಅವರಿಗೆ ಅನುವಾದಿಸಿ ಹೇಳಬೇಕಾಯಿತು. ತಹಶೀಲ್ದಾರರ ದರ್ಜೆ ಏನು, ಅವರ ಮೇಲೆ ಯಾರು, ಎಂದೆಲ್ಲ ವಿಚಾರಿಸಿದ ಮೇಲೆ ಬಿರುದನ್ನು ಸ್ವೀಕರಿಸಿದರು.

ಹಿತ್ತಿಲಲ್ಲಿ ಒಂದು ಹೊಲುಂಡರ್ ಗಿಡವಿತ್ತು. ಬಿಳಿ ಹೂಗೊಂಚಲು ಬಿಡುತ್ತದೆ, ಇಲ್ಲಿಯವರು ಆ ಹೂವಿನ ಪಾನಕ ಮಾಡುತ್ತಾರೆ. ಅದು ಹೊಲ್ಲೆಯ ಗಿಡವಂತೆ, ಬೇರು ಅವಳ ಲೋಕದವರೆಗೂ ಇಳಿದಿದೆಯಂತೆ. ನಮ್ಮ ಸೈಕಲ್‌ಗಳಿಗೆ ದಾರಿ ಬಿಡಿಸಲು ಒಂದು ಕೊಂಬೆ ಕಡಿಯಬೇಕಾಗಿ ಬಂದಾಗ ಅವರು ಗಿಡದ ಮುಂದೆ ನಿಂತು, ಬಿಸಿಲ ಟೊಪ್ಪಿ ತೆಗೆದು, ಸ್ಪಷ್ಟವಾಗಿ ಅನುಮತಿ ಕೇಳಿದರು. ನಾನು ಗರಗಸ ಹಿಡಿದು ಮುಂದೆ ಬಂದೆ.

"ಇವತ್ತಲ್ಲ," ಅಂದರು.

"ಯಾಕೆ? ಹೊಲ್ಲೆ ಬೇಡ ಅಂದಳಾ?"

"ಅರ್ಜಿ ಹಾಕಿದ ದಿನವೇ ಯಾವ ಕಚೇರಿಯಲ್ಲಿ ಕೆಲಸ ಆಗುತ್ತದೆ? ಮೂರು ದಿನ ಬಿಟ್ಟು ಬನ್ನಿ. ಆಕ್ಷೇಪಣೆ ಬರದಿದ್ದರೆ ಕಡಿಯೋಣ."

ಮೂರು ದಿನ ಸೈಕಲ್ಲನ್ನು ಭುಜದ ಮೇಲೆ ಹೊತ್ತು ಓಡಾಡಿದೆ. ಆಕ್ಷೇಪಣೆ ಬರಲಿಲ್ಲ.

ಇದೆಲ್ಲ ನಗುವ ಮಾತು. ಆದರೆ ಅವರ ಜೊತೆ ಒಮ್ಮೆ ನಾನು ನಡೆದುಕೊಂಡ ರೀತಿ ನಗುವಂಥದಾಗಿರಲಿಲ್ಲ. ಅದನ್ನು ಬರೆಯದಿದ್ದರೆ ಈ ಚಿತ್ರಕ್ಕೆ ಮುಖವೇ ಇರುವುದಿಲ್ಲ.

ಎರಡು ವರ್ಷದ ಹಿಂದೆ ಅವರ ಕಣ್ಣು ಮಂಜಾಗತೊಡಗಿತು. ವೈದ್ಯರು ಸುತ್ತಿ ಬಳಸಿ ಮಾತಾಡಲಿಲ್ಲ: ಮುಂದಿನ ಚಳಿಗಾಲದ ಹೊತ್ತಿಗೆ ಓದುವುದು ಆಗಲಾರದು. ಅವರು ಅಳುತ್ತ ಕೂರುವ ಜಾತಿಯಲ್ಲ. ನಮ್ಮ ಬಡಾವಣೆಯ ಪುಟ್ಟ ಗ್ರಂಥಾಲಯಕ್ಕೆ ಹೋಗಿ ಒಂದು ಗೋಡೆ ಕೇಳಿಕೊಂಡು ಬಂದರು. ಗೋಡೆಯ ತುಂಬ ಈ ಸೀಮೆಯ ನಕ್ಷೆ, ನಕ್ಷೆಯ ಮೇಲೆ ಅವರು ಬರೆದಿಟ್ಟುಕೊಂಡ ಒಂದೊಂದು ಜಾಗಕ್ಕೂ ಒಂದೊಂದು ಚೀಟಿ. ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಪ್ರದರ್ಶನ. ಕತೆ ಹೇಳಿದವರಲ್ಲಿ ಬದುಕಿರುವವರಿಗೆಲ್ಲ, ಇಲ್ಲದವರ ಮನೆಯವರಿಗೆ, ಭೂತಗನ್ನಡಿ ಹಿಡಿದುಕೊಂಡು ಕೈಯಾರೆ ಕಾರ್ಡು ಬರೆದರು. ಎಲ್ಲದರಲ್ಲೂ ಒಂದೇ ಒಕ್ಕಣೆ: "ನಿಮ್ಮ ಜಾಗವೂ ಗೋಡೆಯ ಮೇಲಿರುತ್ತದೆ. ಬಂದು ನೋಡಿ." ನನಗೆ ವಹಿಸಿದ್ದು ಡಬ್ಬಿಯ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿ ಚೀಟಿಗಳನ್ನು ಅಚ್ಚು ಹಾಕಿಸುವುದು.

ಬೇಸಗೆಯ ಶನಿವಾರಗಳಲ್ಲಿ ಕೂತು ಎಲ್ಲವನ್ನೂ ಏರಿಸಿದೆ. ಆಮೇಲೆ ಒಂದು ಕೆಲಸ ಮಾಡಿದೆ. ಹೊಟ್ಟೆಪಾಡಿಗೆ ನಾನು ದಿನವೂ ಮಾಡುವುದೇ ಅದು: ಯಂತ್ರಗಳಿಂದ ರಾಶಿ ರಾಶಿ ಮಾಹಿತಿ ಬರುತ್ತದೆ, ಅದರಲ್ಲಿ ಒಂದೇ ವಿಷಯ ಎರಡೆರಡು ಸಲ ಬಂದಿದ್ದರೆ ಒಂದನ್ನು ಇಟ್ಟು ಉಳಿದದ್ದನ್ನು ತೆಗೆದುಹಾಕುತ್ತೇವೆ. ಇಲ್ಲಿಯೂ ನೋಡಿದರೆ ಹೊಲ್ಲೆಯ ಕೊಳವೇ ಎಷ್ಟು! ಮೇಲ್ವಿಚಾರಣೆ ಹೊಲ್ಲೆ, ನಿವಾಸಿಗಳು ಮಕ್ಕಳು, ದಾರಿ ನೀರು. ಪ್ರತಿಯೊಂದರಲ್ಲೂ ಅದೇ. ಕೆಂಪುಗಡ್ಡದವನು ಒಂದೇ ಕಾಲದಲ್ಲಿ ಐದಾರು ಬೆಟ್ಟದಲ್ಲಿ ಮಲಗಿದ್ದ. ಡ್ಯೂಪ್ಲಿಕೇಟ್ ಎಂದು ತೀರ್ಮಾನಿಸಿ ಒಂದೊಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಅಳಿಸಿದೆ. ನಾನೂರು ಇದ್ದದ್ದು ನೂರಾಹತ್ತಕ್ಕೆ ಇಳಿಯಿತು. ಎಷ್ಟು ಅಚ್ಚುಕಟ್ಟಾಯಿತು ಎಂದು ಬಸುವಿಗೆ ತೋರಿಸಿ ಹೆಮ್ಮೆಪಟ್ಟೆ. ಅವರಿಗೆ ಹೇಳುವುದು ಅಗತ್ಯ ಎಂದೇ ಅನ್ನಿಸಲಿಲ್ಲ.

ಪ್ರದರ್ಶನಕ್ಕೆ ಎರಡು ದಿನ ಮುಂಚೆ, ಗುರುವಾರ, ನಕ್ಷೆಯನ್ನು ಗೋಡೆಗೆ ಹಾಕಿ ಚೀಟಿಗಳನ್ನು ಅಂಟಿಸಿ ಅವರನ್ನು ಕರೆದುಕೊಂಡು ಹೋದೆ. ಭೂತಗನ್ನಡಿಯನ್ನು ಗೋಡೆಗೆ ತಾಗಿಸಿ ಅಂಗುಲ ಅಂಗುಲವಾಗಿ ಸರಿಯುತ್ತ ಹೋದರು. ಅರ್ಧ ದಾರಿಯಲ್ಲಿ ನಿಂತರು.

"ಇಲ್ಲಿ ಖಾಲಿ ಇದೆ."

"ಅದು ಡ್ಯೂಪ್ಲಿಕೇಟ್ ಇತ್ತು, ತೆಗೆದೆ."

"ಇಲ್ಲೂ ಖಾಲಿ ಇದೆ."

"ಅದೂ ಹೊಲ್ಲೆಯ ಕೊಳವೇ. ಬೇರೆ ಕಡೆ ಇದೆಯಲ್ಲ, ಇನ್ನೊಂದು ಸಲ ಯಾಕೆ?"

ಅವರು ತಿರುಗಿದರು. ಮೊದಲ ಬಾರಿಗೆ ಅವರ ಮುಖದಲ್ಲಿ ನಗು ಇರಲಿಲ್ಲ. "ಯುಂಗರ್ ಮಾನ್, ಶನಿವಾರ ಈ ಖಾಲಿ ಜಾಗಗಳ ಊರಿನವರೂ ಬರುತ್ತಾರೆ. ನಿಮ್ಮ ಜಾಗ ಗೋಡೆಯ ಮೇಲಿದೆ ಎಂದು ನಾನು ಬರೆದು ಕಳಿಸಿದ್ದೇನೆ."

ನಾನು ಮೂರ್ಖನ ಹಾಗೆ ವಾದಕ್ಕೆ ಇಳಿದೆ. ಒಬ್ಬಳೇ ಹೊಲ್ಲೆ ಅಷ್ಟೊಂದು ಕೊಳದಲ್ಲಿರಲು ಸಾಧ್ಯವೇ? ಒಬ್ಬ ಚಕ್ರವರ್ತಿ ಐದು ಬೆಟ್ಟದಲ್ಲಿ ಮಲಗಿದರೆ ನಾಲ್ಕಾದರೂ ಸುಳ್ಳಾಗಲೇಬೇಕಲ್ಲ?

"ಅದು ಚಕ್ರವರ್ತಿಯ ಕಷ್ಟ. ಅವನು ನೋಡಿಕೊಳ್ಳಲಿ." ಕುರ್ಚಿ ಎಳೆದುಕೊಂಡು ಕೂತರು. "ಕೇಳಿ. ನಾನು ಕೆಲಸಕ್ಕೆ ಸೇರಿದ ಹೊಸದು. ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರು, ಹುಟ್ಟಿದ ದಿನವೂ ಒಂದೇ. ಯಾರೋ ತಪ್ಪಿ ಎರಡು ಸಲ ಬರೆದಿದ್ದಾರೆ ಎಂದು ಒಂದು ಕಾರ್ಡು ತೆಗೆದುಹಾಕಿದೆ. ಎರಡು ತಿಂಗಳಿಗೆ ಒಬ್ಬ ಮನುಷ್ಯ ಕೌಂಟರಿಗೆ ಬಂದು ಟೊಪ್ಪಿ ಕೈಯಲ್ಲಿ ಹಿಡಿದು ನಿಂತ. ಏನು ಬೇಕು ಅಂದೆ. 'ನಾನು ಇಲ್ಲವಂತೆ' ಅಂದ. ಸಿಟ್ಟಿನಿಂದಲ್ಲ. ನಾಚಿಕೊಂಡು ಹೇಳಿದ, ತಪ್ಪು ತನ್ನದೇ ಎನ್ನುವ ಹಾಗೆ. ಅವನನ್ನು ಮತ್ತೆ ಇರುವಂತೆ ಮಾಡಲು ನನಗೆ ಇಡೀ ಬೇಸಗೆ ಬೇಕಾಯಿತು. ಅವನು ಬದುಕಿದ್ದಾನೆ ಎಂದು ಹೇಳಲು ಯಾವ ಫಾರಂ ಇದೆ, ಹೇಳಿ? ಅವತ್ತಿನಿಂದ ನಾನು ಒಬ್ಬರನ್ನೂ ಇನ್ನೊಬ್ಬರ ಜೊತೆ ಸೇರಿಸಿಲ್ಲ."

ಆಮೇಲೆ ಅಷ್ಟೇ ಮೆಲ್ಲಗೆ ಅಂದರು: "ಮುಂದಿನ ವರ್ಷ ನನಗೆ ಈ ಗೋಡೆ ಕಾಣಿಸುವುದಿಲ್ಲ. ಕಾಣಿಸುವಾಗಲೇ ನಾನು ಕೊಟ್ಟ ಮಾತು ನಡೆಯಬೇಕು."

ಕಾರ್ಡುಗಳು ಡಬ್ಬಿಯಲ್ಲಿ ಕ್ಷೇಮವಾಗಿದ್ದವು ಎಂಬುದೊಂದೇ ಧೈರ್ಯ. ಕಂಪ್ಯೂಟರಿನಲ್ಲಿ ಮೊದಲು ಏರಿಸಿದ್ದರ ಮೇಲೆಯೇ ಹೊಸದನ್ನು ಸೇವ್ ಮಾಡಿ ಹಳೆಯದನ್ನು ಕಳೆದುಕೊಂಡು ಕೂತಿದ್ದೆ. ನಾವು ಆಫೀಸಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಮಾಡಬೇಡ ಎಂದು ಹೇಳಿಕೊಡುವ ತಪ್ಪು ಅದು.

ಶುಕ್ರವಾರ ನಾನೂ ಬಸುವೂ ರಜೆ ಹಾಕಿ ಬೆಳಿಗ್ಗೆ ಏಳಕ್ಕೇ ಅವರ ಅಡುಗೆಮನೆಯ ಮೇಜಿಗೆ ಕೂತೆವು. ಅವರು ಕಾರ್ಡು ಎತ್ತಿಕೊಡುವುದು, ನಾನು ಏರಿಸುವುದು, ಬಸು ಅಚ್ಚಾದ ಚೀಟಿ ಕತ್ತರಿಸುವುದು. ಕಣ್ಣಿಗೆ ಅಕ್ಷರ ಕಾಣದಿದ್ದರೂ ಕಾರ್ಡಿನ ಅಂಚು ಮುಟ್ಟಿದರೆ ಸಾಕು, ಹೇಳಿದವರು ಯಾರೆಂದು ಹೇಳುತ್ತಿದ್ದರು. "ಇದು ಬೇಕರಿಯವರ ತಾಯಿ. ಬಾಗಿಲಲ್ಲಿ ಕುಂಟು ಬಾತುಕೋಳಿ ಇತ್ತು, ನನ್ನ ಕಾಲ್ಚೀಲ ಕಚ್ಚಿತು." "ಇವರು ಅಂಚೆಯವರು. ಹೇಳಲ್ಲ ಹೇಳಲ್ಲ ಎಂದು ಮೂರು ಗಂಟೆ ಹೇಳಿದರು."

ಮಧ್ಯಾಹ್ನ ಬಸು ಮೇಲೆ ಹೋಗಿ ಉಪ್ಪಿಟ್ಟು ಮಾಡಿಕೊಂಡು ಬಂದ. ಅವರು ಅದರ ಮೇಲೆ ಪ್ಲಮ್ ಜಾಮ್ ಹಾಕಿಕೊಂಡು ತಿಂದು, ಚೆನ್ನಾಗಿದೆ ಅಂದರು. ಬಸುವಿನ ಮುಖ ನೋಡುವಂತಿತ್ತು.

"ಲೇ, ಪಾತಾಳಾ ನೋಡಬೇಕಂದ್ರ ಬೆಟ್ಟ ಗಿಟ್ಟ ಬ್ಯಾಡೋ. ಈ ತಾಟ ನೋಡು ಸಾಕು."

"ಏನು ಹೇಳುತ್ತಿದ್ದಾರೆ?" ಅವರು ಕೇಳಿದರು.

"ನಿಮ್ಮ ರುಚಿಯನ್ನು ಹೊಗಳುತ್ತಿದ್ದಾನೆ," ಅಂದೆ.

"ಸುಳ್ಳು. ಆದರೆ ಬರೆದುಕೊಳ್ಳುತ್ತೇನೆ."

ಆ ದಿನ ಎರಡನೇ ಸಲ ಓದುವಾಗ ನನಗೆ ಒಂದು ವಿಷಯ ತಿಳಿಯಿತು. ಮೊದಲ ಸಲ ನಾನು ಕಾರ್ಡುಗಳ ಮುಂಭಾಗ ಮಾತ್ರ ಏರಿಸಿದ್ದೆ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು, ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ ಎಂದು ಬಿಟ್ಟಿದ್ದೆ. ಒಂದು ಊರಿನ ಕೊಳದಲ್ಲಿ ಹೆಂಗಸರು ಎಳೆಮಕ್ಕಳ ಬಟ್ಟೆ ಒಗೆಯುತ್ತಿರಲಿಲ್ಲ, ಕೆಳಗಿರುವ ಮಕ್ಕಳಿಗೆ ಆಸೆಯಾಗುತ್ತದೆ ಎಂದು. ಇನ್ನೊಂದು ಊರಿನಲ್ಲಿ ಮರದ ಮೊದಲ ಸೇಬನ್ನು ನೀರಿಗೆ ಹಾಕುತ್ತಿದ್ದರು. ಮತ್ತೊಂದರಲ್ಲಿ ಹಿಮ ಬಿದ್ದ ದಿನ ಒಬ್ಬ ತಾಯಿ ಮಾತ್ರ ಒಬ್ಬಳೇ ಹೋಗಿ ದಡದ ಹಿಮ ಗುಡಿಸಿ ಬರುತ್ತಿದ್ದಳು. ನಾನು ನಕಲು ಎಂದು ತೆಗೆದ ಕಾರ್ಡುಗಳಲ್ಲಿ ಒಂದೂ ಇನ್ನೊಂದರ ಹಾಗಿರಲಿಲ್ಲ. ಇದರಲ್ಲಿ ನಂಬಿಕೆಯ ಪ್ರಶ್ನೆಯೇ ಇಲ್ಲ. ಪುರಾವೆ ಪುರಾವೆ ಎಂದು ಊರಿಗೆಲ್ಲ ಪಾಠ ಹೇಳುವ ನಾನು ಪುರಾವೆಯ ಹಿಂಭಾಗ ಓದಿರಲಿಲ್ಲ. ಇದನ್ನು ಅವರಿಗೂ ಹೇಳಿದೆ.

"ಸೋತಿರಾ?" ಅಂದರು, ಕಣ್ಣು ಮಿಟುಕಿಸಿ.

"ಈ ಅಂಶದಲ್ಲಿ ಮಾತ್ರ. ಕೊಳದ ತಳದಲ್ಲಿ ಯಾರೂ ಇಲ್ಲ ಎಂಬ ಮೂಲ ವಾದ ಹಾಗೆಯೇ ಇದೆ."

"ಇರಲಿ ಇರಲಿ. ಅದನ್ನು ಯಾರೂ ಕೇಳಲಿಲ್ಲ."

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೊನೆಯ ಚೀಟಿ ಗೋಡೆಗೆ ಹತ್ತಿತು. ಎರಡು ಗಂಟೆಗೆ ಜನ ಬರತೊಡಗಿದರು. ನಾನು ನಾಲ್ಕು ಜನ ಬಂದಾರು ಅಂದುಕೊಂಡಿದ್ದೆ. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದವರು, ಮೊಮ್ಮಕ್ಕಳ ಕಾರಿನಲ್ಲಿ ಬಂದವರು, ಊರುಗೋಲು, ಗಾಲಿಕುರ್ಚಿ, ಮನೆಯಲ್ಲೇ ಮಾಡಿದ ಕೇಕು. ಯಾರೂ ಇಡೀ ನಕ್ಷೆ ನೋಡುತ್ತಿರಲಿಲ್ಲ. ನೇರ ತಮ್ಮ ಊರಿನ ಹತ್ತಿರ ಹೋಗುವುದು, ಬೆರಳಿಟ್ಟು ಹುಡುಕುವುದು, ಸಿಕ್ಕಿದ ಕೂಡಲೇ ಪಕ್ಕದವರನ್ನು ತಿವಿಯುವುದು. ಅಕ್ಕಪಕ್ಕದ ಎರಡು ಊರಿನವರು ಚಕ್ರವರ್ತಿ ನಮ್ಮ ಬೆಟ್ಟದಲ್ಲಿ ಮಲಗಿದ್ದಾನೆ ನಿಮ್ಮದರಲ್ಲಲ್ಲ ಎಂದು ಜೋರು ಜೋರಾಗಿ ಕಿತ್ತಾಡಿ, ಕೊನೆಗೆ ಒಂದೇ ತಟ್ಟೆಯಲ್ಲಿ ಕೇಕ್ ತಿಂದರು. ನಮ್ಮ ತಹಶೀಲ್ದಾರರು ಗುಂಪಿನ ನಡುವೆ ಕೂತು ಎಲ್ಲರ ಅಹವಾಲು ಕೇಳುತ್ತಿದ್ದರು, ಕಿವಿಯ ಮೇಲಿನ ಪೆನ್ಸಿಲ್ ಕಿವಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ತಿದ್ದುಪಡಿ ಬರೆದುಕೊಳ್ಳುವ ಮೇಜಿಗೆ ನನ್ನನ್ನು ಕೂರಿಸಿದ್ದರು.

ನಾಲ್ಕರ ಹೊತ್ತಿಗೆ ಒಬ್ಬ ಹಿರಿಯರು ಗೋಡೆಯ ಕೆಳಮೂಲೆಯಲ್ಲಿ ಬಹಳ ಹೊತ್ತು ನಿಂತಿದ್ದವರು ನನ್ನ ಮೇಜಿಗೆ ಬಂದರು. ಎತ್ತರದ ಆಳು, ಕೈಗಳು ರೈತನವು. ಅವರಿಗೆ ಯಾರೂ ಕಾರ್ಡು ಬರೆದಿರಲಿಲ್ಲ, ಪತ್ರಿಕೆಯಲ್ಲಿ ಎರಡು ಸಾಲು ಓದಿ ಬಂದಿದ್ದರು. ಅವರು ನಿಂತಿದ್ದ ಜಾಗ ನನಗೆ ಗೊತ್ತಿತ್ತು. ಗುರುವಾರ ಅಲ್ಲಿ ಏನೂ ಇರಲಿಲ್ಲ.

"ಅಲ್ಲೊಂದು ತಪ್ಪಾಗಿದೆ," ಅಂದರು. "ಕೊಳ ಗಿರಣಿಯ ಹಿಂದೆ ಎಂದು ಬರೆದಿದ್ದೀರಿ. ಹಿಂದೆ ಅಲ್ಲ. ಮುಂದೆ."

"ನಮಗೆ ಹೇಳಿದವರು ಹಿಂದೆ ಅಂತಲೇ..." ಎಂದು ಶುರು ಮಾಡಿದೆ.

"ನನ್ನ ತಂಗಿ ಅಲ್ಲಿದ್ದಾಳೆ." ಅವರು ಅವಸರ ಮಾಡಲಿಲ್ಲ. "ಹನ್ನೊಂದು ದಿನದವಳು. ನನಗಾಗ ಆರು ವರ್ಷ. ಬಂದಲ್ಲಿಗೇ ವಾಪಸ್ಸು ಹೋದಳು, ಹೊಲ್ಲೆ ನೋಡಿಕೊಳ್ಳುತ್ತಾಳೆ ಅಂದರು ಅಮ್ಮ. ಶಾಲೆಗೆ ಅದೇ ದಾರಿ. ದಿನಾ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನಿಂತು ನೋಡುತ್ತಿದ್ದೆ. ನನಗೆ ಗೊತ್ತಿದೆ. ಮುಂದೆ."

ನನ್ನ ಬಾಯಲ್ಲಿ ವಾದವೆಲ್ಲ ಸಿದ್ಧವಾಗಿತ್ತು. ಪ್ರತಿಯೊಂದು ಅಂಶವೂ ಸರಿಯಾದದ್ದೇ, ಇವತ್ತಿಗೂ ಒಂದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ನಮ್ಮ ತಹಶೀಲ್ದಾರರ ಕಡೆ ತಿರುಗಿ ನೋಡಿದೆ. ದೂರದಲ್ಲಿ ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದರು, ಈ ಕಡೆ ಗಮನವೇ ಇರಲಿಲ್ಲ. ನಾನು ಆ ಕೊಳದ ಕಾರ್ಡು ತೆಗೆದು "ಹಿಂದೆ" ಎಂಬುದರ ಮೇಲೆ ಗೆರೆ ಎಳೆದೆ.

"ಮುಂದೆ ಅಂದರೆ," ಕೇಳಿದೆ, "ಎಡಕ್ಕೋ, ಬಲಕ್ಕೋ?"

"ಬಲಕ್ಕೆ. ಸಣ್ಣ ಸೇತುವೆಯ ಪಕ್ಕ." ಅವರು ಕುರ್ಚಿ ಎಳೆದುಕೊಂಡು ಕೂತರು. "ದಡದಲ್ಲಿ ಮೂರು ವಿಲೋ ಮರ. ಒಂದು ಈಗ ಬಿದ್ದಿದೆ."

ಬಿದ್ದ ಮರವನ್ನೂ ಬರೆದುಕೊಂಡೆ.